ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೋಗುವವರಿಗೆ: ಮೇ ರಜೆ ಬೇಡ, ಹಿಟ್ಟಿನ ಉಂಡೆ ಬೇಡ

ಟ್ರೌಟ್ ಮೀನು ಹಿಡಿಯಲು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಹೊಳೆಗೆ ಹೋಗಬೇಕು ಅಂತ ಪ್ಲಾನ್ ಹಾಕುತ್ತಿರುವ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಹೋಗಬೇಡಿ. ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿರುತ್ತದೆ, ಮಕ್ಕಳಿಗೆ ರಜೆ, ಎಲ್ಲಾದರೂ ತಣ್ಣಗಿನ ಜಾಗಕ್ಕೆ ಹೋಗೋಣ ಅನಿಸುವುದು ಸಹಜ. ಆದರೆ ಅದೇ ಹೊತ್ತಿಗೆ ಅಲ್ಲಿ ಮೇಲಿನ ಹಿಮ ಕರಗಿ ಹೊಳೆ ಉಕ್ಕುತ್ತಿರುತ್ತದೆ, ದೆಹಲಿ, ಪಂಜಾಬಿನ ಕಾರುಗಳು ರಸ್ತೆ ತುಂಬಿರುತ್ತವೆ, ರೂಮಿನ ಬಾಡಿಗೆ ದುಪ್ಪಟ್ಟು. ನಾನು ಆ ಹೊಳೆಯನ್ನು ಮೇನಲ್ಲೂ ನೋಡಿದ್ದೇನೆ, ಅಕ್ಟೋಬರ್‌ನಲ್ಲೂ ನೋಡಿದ್ದೇನೆ. ಎರಡೂ ಒಂದೇ ಹೊಳೆ ಅಂದರೆ ನಂಬುವುದು ಕಷ್ಟ.

ಹೋಗುವ ದಾರಿ ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ಕಲಬುರಗಿ ಎರಡೂ ಕಡೆ ನಿಲ್ಲುತ್ತದೆ, ನೇರ ದೆಹಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ರೈಲಿನ ಊಟದ ಚಿಂತೆ ಇಲ್ಲ. ತೊಂದರೆ ಶುರುವಾಗುವುದು ದೆಹಲಿಯಿಂದ ಮುಂದೆ.

ನಾವು ಮೊದಲ ಸಲ ಮೊಬೈಲ್‌ನಲ್ಲಿ ಒಂದು ಖಾಸಗಿ ಎಸಿ ಬಸ್ ಬುಕ್ ಮಾಡಿದ್ದೆವು. ಕಾಶ್ಮೀರಿ ಗೇಟ್‌ನಲ್ಲಿ ಹತ್ತಿಸಿಕೊಳ್ಳುತ್ತೇವೆ ಅಂದವರು ಸಂಜೆ ಫೋನ್ ಮಾಡಿ ಬೇರೆ ಜಾಗ ಹೇಳಿದರು. ಲಗೇಜು, ಗಾಳದ ಕೋಲು ಎಲ್ಲ ಹೊತ್ತುಕೊಂಡು ಆಟೋದಲ್ಲಿ ಅಲ್ಲಿಗೆ ಹೋದರೆ, ಫ್ಲೈಓವರ್ ಕೆಳಗೆ ಕತ್ತಲಲ್ಲಿ ಎರಡು ಗಂಟೆ ನಿಲ್ಲಿಸಿದರು. ಬಸ್ ಬಂತು, ನಮ್ಮ ಸೀಟಿನ ಮೇಲೆ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಲೀನರ್ ಒಂದು ಟವೆಲ್ ತುರುಕಿ ಹೋದ, ಸ್ವಲ್ಪ ಹೊತ್ತಿಗೆ ಟವೆಲ್ಲೇ ತೊಟ್ಟಿಕ್ಕತೊಡಗಿತು. ಅದನ್ನಾದರೂ ಸಹಿಸಬಹುದು. ನಾವು ಇಳಿಯಬೇಕಾದದ್ದು ಔಟ್‌ನಲ್ಲಿ, ಅಂದರೆ ಮನಾಲಿ ರಸ್ತೆಯ ದೊಡ್ಡ ಸುರಂಗ ಶುರುವಾಗುವ ಮುಂಚೆ. ಹತ್ತುವಾಗಲೇ ಹೇಳಿದ್ದೆವು, ರಾತ್ರಿ ಊಟಕ್ಕೆ ನಿಲ್ಲಿಸಿದಾಗ ಮತ್ತೆ ಹೇಳಿದ್ದೆವು. ಆದರೂ ಸುರಂಗ ದಾಟಿಸಿ, ಆ ಕಡೆ ಇನ್ನೂ ಬೆಳಕಾಗದ ಹೊತ್ತಿನಲ್ಲಿ ಇಳಿಸಿ ಹೋದರು. ಸುರಂಗ ಸುಮಾರು ಮೂರು ಕಿಲೋಮೀಟರ್ ಇದೆ. ಒಳಗೆ ನಡೆದು ಬರುವ ಹಾಗಿಲ್ಲ, ಟ್ಯಾಕ್ಸಿಯವನು ಕೇಳಿದಷ್ಟು ಕೊಡಬೇಕಾಯಿತು. ಆಮೇಲೆ ನಾನು ಹಿಮಾಚಲ ಸರ್ಕಾರಿ ಬಸ್ಸನ್ನೇ ಹತ್ತುವುದು. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಒಳಗಿನಿಂದಲೇ ಹೊರಡುತ್ತದೆ, ಕಂಡಕ್ಟರ್‌ಗೆ ಔಟ್ ಎಲ್ಲಿದೆ ಅಂತ ಗೊತ್ತಿರುತ್ತದೆ, ಅಷ್ಟು ಸಾಕು. ಔಟ್‌ನಿಂದ ಲಾರ್ಜಿ ಮೇಲೆ ಬಂಜಾರ್‌ಗೆ ಲೋಕಲ್ ಬಸ್ ಸಿಗುತ್ತವೆ. ಬಂಜಾರ್‌ನಿಂದ ಹೊಳೆ ದಂಡೆಯ ಊರುಗಳಾದ ನಾಗಿನಿ, ಗುಶೈನಿ ಹತ್ತಿರ.

ಈಗ ಮೀನಿನ ವಿಷಯ.

ನಮ್ಮ ಜೊತೆ ಬಂದಿದ್ದ ಮಾಮಾ ಭೀಮಾ ನದಿಯಲ್ಲಿ, ಘತ್ತರಗಿ ಕಡೆ, ಚಿಕ್ಕಂದಿನಿಂದ ಗಾಳ ಹಾಕಿದವರು. ಶೇಂಗಾ ಹಿಂಡಿ, ಗೋಧಿ ಹಿಟ್ಟು ಕಲಸಿ, ಸೋಂಪಿನ ಪುಡಿ ಬೆರೆಸಿದ ಉಂಡೆಯನ್ನು ಡಬ್ಬಿ ತುಂಬ ತಂದಿದ್ದರು. ಭೀಮೆಯಲ್ಲಿ ಆ ಉಂಡೆಗೆ ಕಟ್ಲಾ, ರೋಹು ಬಿಡದೆ ಬರುತ್ತವೆ. ತೀರ್ಥನ್‌ನಲ್ಲಿ ಅದನ್ನು ಯಾವ ಮೀನೂ ಮೂಸಲಿಲ್ಲ. ಕಾರಣ ಸರಳ. ರೋಹು, ಕಟ್ಲಾ ನಿಂತ ನೀರಿನಲ್ಲಿ, ನಿಧಾನಕ್ಕೆ ಹರಿಯುವ ನೀರಿನಲ್ಲಿ ವಾಸನೆ ಹಿಡಿದು ಬರುವ ಮೀನು. ಟ್ರೌಟ್ ಕಣ್ಣಿನಿಂದ ಬೇಟೆಯಾಡುವ ಮೀನು. ರಭಸದ ನೀರಿನಲ್ಲಿ ಬಂಡೆಯ ಮರೆಗೆ, ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ. ಮೇಲಿನಿಂದ ತೇಲಿ ಬರುವ ಹುಳ, ಸಣ್ಣ ಮೀನು ಕಣ್ಣಿಗೆ ಬಿದ್ದರೆ ಚಂಗನೆ ಹೋಗಿ ಹಿಡಿಯುತ್ತದೆ. ಹಿಟ್ಟಿನ ಉಂಡೆಯಂತೂ ಆ ರಭಸಕ್ಕೆ ಗಾಳದ ಮೇಲೆ ಎರಡು ನಿಮಿಷ ನಿಲ್ಲಲಿಲ್ಲ.

ಎರೆಹುಳು ಹಾಕಬಹುದಲ್ವಾ ಅಂತ ಮಾಮಾ ಕೇಳಿದರು. ನಮ್ಮ ಜೊತೆ ಬಂದ ಅಲ್ಲಿಯ ಹುಡುಗ ಕೈ ಮುಗಿದು ಬೇಡ ಅಂದ. ಹುಳ ಹಾಕಿದರೆ ಟ್ರೌಟ್ ಗಾಳವನ್ನು ಗಂಟಲಿನ ಒಳಗೆ ನುಂಗಿಬಿಡುತ್ತದೆ, ಆಮೇಲೆ ಬಿಟ್ಟರೂ ಬದುಕುವುದು ಕಷ್ಟ. ಸ್ಪಿನ್ನರ್ (ನೀರಿನಲ್ಲಿ ಎಳೆದಾಗ ಗಿರಗಿರ ತಿರುಗಿ ಹೊಳೆಯುವ ಲೋಹದ ತಗಡಿನ ಗಾಳ) ಅಥವಾ ಫ್ಲೈ (ದಾರ, ಪುಕ್ಕ ಸುತ್ತಿ ಹುಳದ ಹಾಗೆ ಮಾಡಿದ ಗಾಳ) ಆದರೆ ತುಟಿಗೆ ಸಿಕ್ಕುತ್ತದೆ, ಬಿಡಿಸಿ ನೀರಿಗೆ ಬಿಡಬಹುದು. ಇದು ನನಗೆ ಪೂರ್ತಿ ಒಪ್ಪಿಗೆಯಾದ ಮಾತು. ಅಲ್ಲಿಯ ಜನ ಈ ಹೊಳೆಗೆ ಜಲವಿದ್ಯುತ್ ಯೋಜನೆ ಬೇಡ ಅಂತ ಹೋರಾಡಿ ಉಳಿಸಿಕೊಂಡಿದ್ದಾರೆ. ಮೇಲಿನ ಕಾಡು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ, 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಹೊರಗಿನಿಂದ ಹೋಗುವ ನಾವು ಮೀನು ಕೊಂದು ಬರುವುದು ಸರಿಯಲ್ಲ.

ಆ ಹುಡುಗ ಇನ್ನೊಂದು ಕೆಲಸ ಮಾಡಿದ. ಪಾದ ಮುಳುಗುವಷ್ಟು ನೀರಿನಲ್ಲಿದ್ದ ಕಲ್ಲೊಂದನ್ನು ಎತ್ತಿ ತಿರುಗಿಸಿ ತೋರಿಸಿದ. ಕಲ್ಲಿನ ಅಡಿಗೆ ಉಗುರಿನಷ್ಟು ಉದ್ದದ ಕೊಳವೆಗಳು ಅಂಟಿಕೊಂಡಿದ್ದವು. ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಕೊಳವೆ, ಒಂದು ತುದಿಯಿಂದ ಕಪ್ಪು ತಲೆಯ ಹುಳ ಇಣುಕುತ್ತಿತ್ತು. ಪಕ್ಕದಲ್ಲೇ ಚಪ್ಪಟೆ ಮೈಯ, ಮೂರು ಬಾಲದ ಇನ್ನೊಂದು ಹುಳ ಸರಸರ ಓಡಿ ಕಲ್ಲಿನ ಮಗ್ಗುಲಿಗೆ ಹೋಯಿತು. ಟ್ರೌಟ್‌ನ ಊಟ ಇದೇ. ಫ್ಲೈ ಹಾಕುವವರು ಈ ಹುಳಗಳ ಬಣ್ಣ, ಗಾತ್ರ ನೋಡಿಕೊಂಡು ಹಾಗೇ ಇರುವ ಕಂದು, ಬೂದು ಬಣ್ಣದ ಸಣ್ಣ ನಿಂಫ್, ಅಂದರೆ ನೀರೊಳಗೆ ಮುಳುಗುವ ಫ್ಲೈ, ಆರಿಸಿಕೊಳ್ಳುತ್ತಾರೆ. ನೀವು ಫ್ಲೈ ಕಲಿತಿಲ್ಲ ಅಂದರೆ ಅಲ್ಲಿ ಹೋಗಿ ಕಲಿಯಲು ಕೂರಬೇಡಿ, ಸಮಯ ಸಾಲುವುದಿಲ್ಲ. ಸ್ಪಿನ್ನರ್ ಸಾಕು.

ಸ್ಪಿನ್ನರ್ ಅಂದರೂ ನಮ್ಮ ಡ್ಯಾಮಿನಲ್ಲಿ ಹಾಕುವ ದೊಡ್ಡದಲ್ಲ. ಗಾತ್ರದಲ್ಲಿ 0, 1, ಜಾಸ್ತಿ ಅಂದರೆ 2 ನಂಬರ್. ನೀರು ತಿಳಿಯಾಗಿ ಬಿಸಿಲಿದ್ದರೆ ತಾಮ್ರದ ಬಣ್ಣ ಅಥವಾ ಕಪ್ಪು. ಮೋಡ ಇದ್ದರೆ, ನೀರು ಸ್ವಲ್ಪ ಮಸುಕಾಗಿದ್ದರೆ ಬೆಳ್ಳಿ ಅಥವಾ ಬಂಗಾರದ ಬಣ್ಣ. ದಾರ ತೆಳ್ಳಗಿರಲಿ, 4ರಿಂದ 6 ಪೌಂಡ್ ತೂಕ ತಡೆಯುವಂಥದ್ದು ಸಾಕು, ದಪ್ಪ ದಾರ ಆ ಗಾಜಿನಂಥ ನೀರಿನಲ್ಲಿ ಮೀನಿಗೆ ಕಾಣುತ್ತದೆ. ಆರು ಏಳು ಅಡಿಯ ಹಗುರ ರಾಡ್. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ.

ನಿಲ್ಲುವ ಜಾಗವೂ ಮುಖ್ಯ. ಮೀನು ಹರಿವು ಬರುವ ಕಡೆ ನೋಡುತ್ತಿರುತ್ತದೆ, ಹಾಗಾಗಿ ನೀವು ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ನೆರಳು ನೀರಿನ ಮೇಲೆ ಬಿದ್ದರೆ ಮುಗಿಯಿತು. ಕೆಂಪು ಜಾಕೆಟ್, ಬಿಳಿ ಟೋಪಿ ಬೇಡ. ಬಂಡೆಯ ಹಿಂದೆ ನೀರು ಸುತ್ತಿ ನಿಲ್ಲುವ ಕಡೆಗೆ, ಸ್ವಲ್ಪ ಮೇಲೆ ಎಸೆದು, ಹರಿವಿಗಿಂತ ಒಂದು ಚೂರು ಜೋರಾಗಿ ರೀಲ್ ಸುತ್ತಿ. ಮಾಮಾ ಡಬ್ಬಿ ಪಕ್ಕಕ್ಕಿಟ್ಟು ಹೀಗೆ ಹಾಕತೊಡಗಿದ ಮೇಲೆ ಬೆಳಗಿನ ಹೊತ್ತಲ್ಲೇ ಒಂದು ಬ್ರೌನ್ ಟ್ರೌಟ್ ಬಂತು. ಹೊಟ್ಟೆ ಹಳದಿ, ಮೈಮೇಲೆ ಕಪ್ಪು ಚುಕ್ಕೆ, ನಡುನಡುವೆ ಕೆಂಪು ಚುಕ್ಕೆ, ಅದರ ಸುತ್ತ ತಿಳಿ ಬಣ್ಣದ ಬಳೆ. ಅಷ್ಟು ಚಂದದ ಮೀನನ್ನು ನಾನು ನೋಡಿರಲಿಲ್ಲ.

ಮೇನಲ್ಲಿ ಹೋಗಲೇಬೇಕಾದರೆ ಬೆಳಕು ಹರಿಯುವ ಮುಂಚೆ ಹೊಳೆಯ ಹತ್ತಿರ ಇರಿ. ರಾತ್ರಿ ಚಳಿಗೆ ಹಿಮ ಕರಗುವುದು ಕಡಿಮೆ, ಬೆಳಿಗ್ಗೆ ನೀರು ಇಳಿದು ತಿಳಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿ ಏರುತ್ತದೆ, ಆಗ ಸುಮ್ನೆ ಎಸೆಯುವುದು ಅಷ್ಟೇ. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲ್ಲು ಕಣಿವೆಯ ರಸ್ತೆ, ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದು ಬಂದ್, ಅದು ಮೊಟ್ಟೆ ಇಡುವ ಕಾಲ. ಉಳಿದದ್ದು ಮಾರ್ಚ್, ಏಪ್ರಿಲ್, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನಮ್ಮ ದಸರಾ ರಜೆಗೆ ಸರಿಯಾಗಿ ಕೂಡುತ್ತದೆ. ಒಂದೇ ಎಚ್ಚರಿಕೆ, ಕುಲ್ಲು ದಸರಾ ವಿಜಯದಶಮಿ ದಿನ ಶುರುವಾಗಿ ಒಂದು ವಾರ ನಡೆಯುತ್ತದೆ. ಸುತ್ತಲಿನ ಊರಿನ ದೇವರ ಪಲ್ಲಕ್ಕಿಗಳೆಲ್ಲ ಅಲ್ಲಿಗೆ ಹೋಗುತ್ತವೆ, ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ಅದಕ್ಕಿಂತ ಮುಂಚೆಯೇ ಮುಗಿಸಿಕೊಳ್ಳಿ ಅನ್ನುತ್ತೇನೆ.

ಮೋಸದ ಬಗ್ಗೆಯೂ ಹೇಳಬೇಕು. ಮೇನಲ್ಲಿ ಉಳಿದುಕೊಂಡ ಜಾಗದಲ್ಲಿ ಫಿಶಿಂಗ್ ಪ್ಯಾಕೇಜ್ ಅಂತ ತಲೆಗೆ 3,000 ರೂಪಾಯಿ ಮುಂಗಡ ತೆಗೆದುಕೊಂಡರು. ರಾಡ್, ಗೈಡ್, ಪರ್ಮಿಟ್ ಎಲ್ಲ ಸೇರಿ ಅಂದರು. ಹೊಳೆಗೆ ಇಳಿಯುವ ಹೊತ್ತಿಗೆ ಪರ್ಮಿಟ್ ತೋರಿಸಿ ಅಂದರೆ ಯಾರದೋ ಹೆಸರಿನ, ದಿನಾಂಕ ದಾಟಿದ ಚೀಟಿಯ ಫೋಟೋ ಮೊಬೈಲ್‌ನಲ್ಲಿ ತೋರಿಸಿದರು. ರಾಡ್‌ನ ರೀಲ್ ತಿರುಗುತ್ತಿರಲಿಲ್ಲ. ಮೀನುಗಾರಿಕೆ ಇಲಾಖೆಯ ಗಾರ್ಡ್ ಬಂದು ಹಿಡಿದರೆ ದಂಡ ಕಟ್ಟುವವರು ನಾವು, ಅವರಲ್ಲ. ಜಗಳ ಮಾಡಿ ಅರ್ಧ ದುಡ್ಡು ವಾಪಸ್ ತೆಗೆದುಕೊಂಡೆವು. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಸಣ್ಣ ಮೊತ್ತದ್ದು, ನಿಮ್ಮ ಹೆಸರಿನಲ್ಲಿ, ಆ ದಿನದ ದಿನಾಂಕದಲ್ಲಿ, ನಿಮ್ಮ ಕೈಗೆ ಬರಬೇಕು. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನುವ ನಿಯಮವನ್ನು ಅಲ್ಲೇ ಕೇಳಿ ತಿಳಿದುಕೊಳ್ಳಿ. ನಮ್ಮ ಕಲಬುರಗಿ ಹಿಂದಿ ಅಲ್ಲಿ ಚೆನ್ನಾಗಿ ನಡೆಯುತ್ತದೆ, ಮಧ್ಯವರ್ತಿ ಬೇಕಿಲ್ಲ.

ಊಟಕ್ಕೆ ರೂಮಿನವರ ಮೆನು ಬಿಡಿ. ಬಂಜಾರ್ ಬಸ್ ನಿಲ್ಲುವ ಕಡೆಯಿಂದ ಸ್ವಲ್ಪ ಕೆಳಗೆ ಗಂಡ ಹೆಂಡತಿ ನಡೆಸುವ ಬೋರ್ಡ್ ಇಲ್ಲದ ಹೋಟೆಲ್ ಒಂದಿದೆ, ನಾಲ್ಕು ಬೆಂಚು, ಮೂಲೆಯಲ್ಲಿ ಸೌದೆ ಒಲೆ. 80 ರೂಪಾಯಿಗೆ ರಾಜ್ಮಾ ಚಾವಲ್, ಅನ್ನ ಎಷ್ಟು ಬೇಕಾದರೂ ಹಾಕುತ್ತಾರೆ. ರಾಜ್ಮಾ ಬೆಣ್ಣೆ ಹಾಗೆ ಬೆಂದಿರುತ್ತದೆ, ಖಾರ ಕಡಿಮೆ, ಕೇಳಿದರೆ ಹಸಿಮೆಣಸಿನಕಾಯಿ ಜಜ್ಜಿದ ಉಪ್ಪು ಕೊಡುತ್ತಾರೆ. ಆದರೆ ತಿನ್ನಬೇಕಾದದ್ದು ಸಿಡ್ಡು. ಹುದುಗು ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟು ಅರೆದ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಎರಡು ಹೋಳು ಮಾಡಿ, ಮೇಲೆ ಸೌಟಿನಿಂದ ತುಪ್ಪ ಸುರಿದು ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು, ಮಾಡಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಹೊಳೆಗೆ ಹೋಗುವಾಗಲೇ ಹೇಳಿ ಹೋಗಿ. ನಮ್ಮ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಆಕೆಗೆ ಕೊಟ್ಟೆವು. ಮುರಿದಾಗ ಬಂದ ಸದ್ದಿಗೆ ನಕ್ಕು, ಇನ್ನೊಂದು ಕೇಳಿ ಗಂಡನಿಗೆ ಎತ್ತಿಟ್ಟರು. ಆಮೇಲೆ ದಿನಾ ನಮ್ಮ ಸಿಡ್ಡುಗೆ ತುಪ್ಪ ಜಾಸ್ತಿ.

ಟ್ರೌಟ್ ತಿನ್ನುವ ಆಸೆ ಇದ್ದವರು ಫಾರ್ಮಿನಲ್ಲಿ ಬೆಳೆಸಿದ ರೇನ್‌ಬೋ ಟ್ರೌಟ್ ತಿನ್ನಿ, ಅಲ್ಲಿ ಸಿಗುತ್ತದೆ. ತೂಕ ಹಾಕಿಸಿ, ರೇಟು ಕೇಳಿ, ಆಮೇಲೆ ಹುರಿಯಲು ಹೇಳಿ. ಹೊಳೆಯ ಬ್ರೌನ್ ಟ್ರೌಟ್ ಹೊಳೆಯಲ್ಲೇ ಇರಲಿ.

ಕೊನೆಗೆ ಬಟ್ಟೆ. ಅಕ್ಟೋಬರ್‌ನಲ್ಲೂ ನೀರು ಮೊಣಕಾಲಿಗೆ ಬಂದರೆ ಹತ್ತು ನಿಮಿಷದಲ್ಲಿ ಕಾಲು ಮರಗಟ್ಟುತ್ತದೆ. ಬಂಡೆಗಳ ಮೇಲೆ ಪಾಚಿ ಇದೆ, ಚಪ್ಪಲಿ ಹಾಕಿಕೊಂಡು ಇಳಿದವರು ಬೀಳುವುದನ್ನು ನೋಡಿದ್ದೇನೆ. ಹಿಡಿತ ಇರುವ ಹಳೆಯ ಬೂಟು, ಉಣ್ಣೆಯ ಸಾಕ್ಸ್ ಎರಡು ಜೊತೆ ಒಯ್ಯಿರಿ. ಸ್ಪಿನ್ನರ್‌ಗಳನ್ನು ಹೈದರಾಬಾದ್‌ನಲ್ಲೋ ಆನ್‌ಲೈನ್‌ನಲ್ಲೋ ಮೊದಲೇ ಕೊಂಡುಕೊಳ್ಳಿ, ಬಂಡೆಗೆ ಸಿಕ್ಕಿ ಬಹಳ ಹೋಗುತ್ತವೆ, ಬಂಜಾರ್‌ನಲ್ಲಿ ನಿಮಗೆ ಬೇಕಾದ ನಂಬರ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.