ಡಾಕ್ಟರನ್ನು ಕೇಳಿದರೆ ಸಾಲದಾ?

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೋದ ಸಲ ಕೇಳಿದ್ದು ನಮ್ಮ ಸೋದರಮಾವ, ಊಟಕ್ಕೆ ಕೂತಾಗ. "ಅಲ್ಲ ಕಣಮ್ಮಾ, ಆತ್ಮಹತ್ಯೆ ತಡೆಯೋಕೆ ಕಾನೂನು ಮಾಡ್ತಾರೆ, ಸರಿ. ಡಾಕ್ಟರುಗಳನ್ನ ಕೇಳಿದರೆ ಸಾಲದಾ? ನಿಮ್ಮ ಕೆನಡಾದಲ್ಲಿ ಆ ಮೂಲನಿವಾಸಿಗಳನ್ನ ಬೇರೆ ಕೂರಿಸಿಕೊಂಡು ಯಾಕೆ ಕೇಳಬೇಕು? ಸಾವು ಎಲ್ಲರಿಗೂ ಒಂದೇ ಅಲ್ವಾ?"

ಸಾವು ಒಂದೇ ಇರಬಹುದು ಮಾವ, ಅದಕ್ಕೆ ದಾರಿ ಮಾಡಿಕೊಡುವ ಕಾರಣಗಳು ಒಂದೇ ಅಲ್ಲ. 2011ರಿಂದ 2016ರವರೆಗಿನ ಲೆಕ್ಕವನ್ನು ಕೆನಡಾದ ಅಂಕಿಅಂಶ ಇಲಾಖೆ ಪ್ರಕಟಿಸಿತ್ತು. ಫಸ್ಟ್ ನೇಶನ್ಸ್ ಅನ್ನುವ ಮೂಲನಿವಾಸಿ ಸಮುದಾಯಗಳ ಜನರಲ್ಲಿ ಆತ್ಮಹತ್ಯೆಯ ಪ್ರಮಾಣ ಮೂಲನಿವಾಸಿಗಳಲ್ಲದವರಿಗಿಂತ ಸುಮಾರು ಮೂರು ಪಟ್ಟು. ಉತ್ತರದ ಹಿಮಸೀಮೆಯ ಇನ್ಯೂಟ್ ಜನರಲ್ಲಿ ಸುಮಾರು ಒಂಬತ್ತು ಪಟ್ಟು. ಇಷ್ಟು ಕೇಳಿದವರು "ಅಯ್ಯೋ ಪಾಪ" ಅಂದು ಸುಮ್ಮನಾಗುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ. ಫಸ್ಟ್ ನೇಶನ್ಸ್ ಸಮುದಾಯಗಳಲ್ಲಿ ನೂರಕ್ಕೆ ಅರವತ್ತರಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕ ಆತ್ಮಹತ್ಯೆ ಸೊನ್ನೆ.

ಅಂದರೆ ಇದು ಜನಾಂಗದ ರಕ್ತದಲ್ಲಿರುವ ರೋಗವಲ್ಲ. ಒಂದು ಊರಲ್ಲಿ ಇದೆ, ಪಕ್ಕದ ಊರಲ್ಲಿ ಇಲ್ಲ.

ಯಾಕಿಲ್ಲ ಅಂತ ಹುಡುಕಿದವರು ಮೈಕಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಾಲೊಂಡ್ ಅನ್ನುವ ಮನಶ್ಶಾಸ್ತ್ರಜ್ಞರು. 1998ರಲ್ಲಿ ಬಂದ ಅವರ ಅಧ್ಯಯನ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು. ಅವರು ನೋಡಿದ್ದು ಮಾತ್ರೆ, ಆಸ್ಪತ್ರೆ, ಮನೋವೈದ್ಯರ ಸಂಖ್ಯೆಯನ್ನಲ್ಲ. ಸಮುದಾಯದ ಆಡಳಿತ ಯಾರ ಕೈಯಲ್ಲಿದೆ, ನೆಲದ ಹಕ್ಕಿಗೆ ಹೋರಾಡಿದ್ದಾರಾ, ಶಾಲೆ ಯಾರದು, ಆರೋಗ್ಯ ಸೇವೆ ಯಾರದು, ಪೊಲೀಸು ಮತ್ತು ಅಗ್ನಿಶಾಮಕ ಯಾರದು, ಹಬ್ಬ ಆಚರಣೆಗೆ ಒಂದು ಜಾಗವಿದೆಯಾ ಅಂತ ನೋಡಿದರು. ಈ ಆರೂ ತಮ್ಮ ಕೈಯಲ್ಲಿದ್ದ ಊರುಗಳಲ್ಲಿ, ಅವರು ನೋಡಿದ ಆ ಐದಾರು ವರ್ಷ, ಒಬ್ಬ ಹುಡುಗನೂ ಹುಡುಗಿಯೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ಊರಿನ ಆಡಳಿತ ಜನರ ಕೈಯಲ್ಲಿರುವುದೇ ಔಷಧ ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೆ ಎಲ್ಲವನ್ನೂ ರಾಜಧಾನಿ ಒಟ್ಟಾವಾದಲ್ಲೇ ಕೂತು ತೀರ್ಮಾನಿಸಬಹುದು ಅನ್ನುವ ಧೈರ್ಯ ಇದನ್ನು ಓದಿದವರಿಗೆ ಉಳಿಯಬಾರದು.

ಕಾನೂನಿಗೆ ಬರೋಣ. ಆತ್ಮಹತ್ಯೆ ತಡೆಗೆ ರಾಷ್ಟ್ರಮಟ್ಟದ ಚೌಕಟ್ಟು ಬೇಕು ಅನ್ನುವ ಕಾಯಿದೆ ಕೆನಡಾದಲ್ಲಿ ಬಂದದ್ದು 2012ರಲ್ಲಿ. ತುಂಬ ಚಿಕ್ಕ ಕಾಯಿದೆ, ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಯಾರ ಜತೆ ಸಮಾಲೋಚನೆ ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಸ್ವಯಂಸೇವಾ ಸಂಸ್ಥೆಗಳು, ಪ್ರಾಂತ್ಯಗಳು, ಕೇಂದ್ರದ ಇಲಾಖೆಗಳು. ಒಂಬತ್ತು ಪಟ್ಟು ಸಾವು ಕಂಡವರ ಹೆಸರು ಆ ಸಾಲಿನಲ್ಲಿಲ್ಲ.

ಕೆನಡಾದ ಸುಪ್ರೀಂ ಕೋರ್ಟ್ ಏನಂದಿತು ಅನ್ನುತ್ತೀರಾ? ಮೂಲನಿವಾಸಿಗಳ ಹಕ್ಕಿಗೆ ಧಕ್ಕೆ ತರುವ ಗಣಿಗೋ ರಸ್ತೆಗೋ ಅನುಮತಿ ಕೊಡುವ ಮೊದಲು ಸರ್ಕಾರ ಅವರನ್ನು ಕೇಳಲೇಬೇಕು. ಆದರೆ ಸಂಸತ್ತಿಗೆ ಮಸೂದೆ ಬರೆಯುವಾಗ ಕೇಳಬೇಕೆಂಬ ಕರ್ತವ್ಯ ಇಲ್ಲ ಅಂತ ಮಿಕಿಸ್ಯೂ ಕ್ರೀ ಅನ್ನುವ ಫಸ್ಟ್ ನೇಶನ್ಸ್ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ 2018ರ ತೀರ್ಪು ಹೇಳಿತು. ಕಲ್ಲು ಒಡೆಯಲು ಕೇಳಬೇಕು, ಕಾಯಿದೆ ಬರೆಯಲು ಬೇಡ! ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಯ 19ನೇ ವಿಧಿ ಇದಕ್ಕೆ ಪೂರ್ತಿ ಉಲ್ಟಾ. ತಮಗೆ ತಟ್ಟುವ ಕಾನೂನಿಗೆ ಮೊದಲೇ ಅವರ ಒಪ್ಪಿಗೆ ಪಡೆಯಲು ಮನಸ್ಸಿಟ್ಟು ಮಾತುಕತೆ ನಡೆಸಬೇಕು ಅನ್ನುತ್ತದೆ. ಆ ಘೋಷಣೆಗೆ ತಕ್ಕಂತೆ ತನ್ನ ಕಾನೂನುಗಳನ್ನು ತಿದ್ದಿಕೊಳ್ಳುತ್ತೇನೆ ಅಂತ ಕೆನಡಾ 2021ರಲ್ಲಿ ಇನ್ನೊಂದು ಕಾಯಿದೆ ಮಾಡಿಕೊಂಡಿದೆ.

ಇನ್ಯೂಟರು ಕಾಯುತ್ತಾ ಕೂರಲಿಲ್ಲ. ಅವರ ಸಂಸ್ಥೆ ಇನ್ಯೂಟ್ ತಾಪಿರಿತ್ ಕನಾತಮಿ 2016ರಲ್ಲಿ ತನ್ನದೇ ಆತ್ಮಹತ್ಯೆ ತಡೆ ಯೋಜನೆ ಹೊರತಂದಿತು. ಅದರಲ್ಲಿ ಮನೋವೈದ್ಯಕೀಯ ಸೇವೆಯೂ ಇದೆ. ಆದರೆ ಮೊದಲ ಅಂಶ ಸಾಮಾಜಿಕ ಸಮಾನತೆ, ಅಂದರೆ ಮನೆ, ಊಟ, ಕೆಲಸ.

ಸಮಾಲೋಚನೆ ಅಂದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ. ಉತ್ತರ ಒಂಟಾರಿಯೊದ ಒಂದು ಊರಿನ ಸಮುದಾಯ ಭವನ. ನನ್ನದು ನಡಾವಳಿ ಬರೆಯುವ ಕೆಲಸ. ಆತ್ಮಹತ್ಯೆ ತಡೆ ಯೋಜನೆಯ ಕರಡು ಆಗಲೇ ತಯಾರಾಗಿತ್ತು. ಲಗ್ನಪತ್ರಿಕೆ ಹಂಚಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ ನಾವು ಹೋಗಿದ್ದೆವು. ಎರಡು ಗಂಟೆ ಸಮಯ, ಪ್ಲಾಸ್ಟಿಕ್ ತಟ್ಟೆಯಲ್ಲಿ ಸ್ಯಾಂಡ್‌ವಿಚ್. ಮುದುಕಿಯೊಬ್ಬರು ಎದ್ದು ನಿಂತು ಸುಮಾರು ಹೊತ್ತು ಏನೂ ಹೇಳಲಿಲ್ಲ. ನಮ್ಮ ತಂಡದವರೊಬ್ಬರು ಗಡಿಯಾರ ನೋಡಿದರು. ಆಮೇಲೆ ಆ ಮುದುಕಿ ಮೊಮ್ಮಗನ ಮಾತು ತೆಗೆದರು. ಒಂದೇ ಮನೆಯಲ್ಲಿ ಹನ್ನೊಂದು ಜನ, ಹುಡುಗನಿಗೆ ಒಬ್ಬನೇ ಕೂತು ಅಳುವುದಕ್ಕೂ ಮೂಲೆಯಿಲ್ಲ ಅಂದರು. ನಲ್ಲಿ ನೀರು ಕುಡಿಯುವ ಹಾಗಿಲ್ಲ ಅಂದರು. ಸಹಾಯವಾಣಿಯ ವಿಷಯ ನಾವೇ ಎತ್ತಿದಾಗ, ಒಳ್ಳೆಯದೇ, ಆದರೆ ಫೋನ್ ಎತ್ತುವವರಿಗೆ ನಮ್ಮ ಭಾಷೆ ಬರುತ್ತದಾ ಅಂತ ಕೇಳಿದರು.

(ಸಹಾಯವಾಣಿ ಬೇಡ ಅಂತ ನಾನು ಹೇಳುತ್ತಿಲ್ಲ. ಕೆನಡಾದಲ್ಲಿ 988, ನಮ್ಮಲ್ಲಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ತೀರಾ ಭಾರವಾಗಿದ್ದರೆ ಈಗಲೇ ಮಾಡಿ.)

ನನ್ನ ಮುಂದಿದ್ದ ನಮೂನೆಯಲ್ಲಿ ನಾಲ್ಕು ಅಂಕಣ ಇದ್ದವು: ಜಾಗೃತಿ, ತರಬೇತಿ, ಚಿಕಿತ್ಸೆ, ಇತರೆ. ಮನೆಯ ಮಾತು, ನೀರಿನ ಮಾತು, ಭಾಷೆಯ ಮಾತು ಮೂರನ್ನೂ ನಾನು "ಇತರೆ" ಕೆಳಗೆ ಬರೆದೆ. ಆ ಪುಟದಲ್ಲಿ ಅತಿ ಜಾಸ್ತಿ ತುಂಬಿದ್ದು ಅದೇ ಅಂಕಣ. ಜಾಗ ಸಾಲದೆ ಹಾಳೆಯ ಹಿಂಭಾಗಕ್ಕೂ ಹೋಗಿತ್ತು. ವಾಪಸ್ ಬಂದ ಮೇಲೆ ಸ್ಕ್ಯಾನ್ ಮಾಡಿದವರು ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿದ್ದರು.