ಟ್ಯುನಿಸ್‌ನ ಹಡಗುಗಳು ಹಾರಿಸಿದ ಬಾವುಟಗಳು

ಉತ್ತರ ಆಫ್ರಿಕಾದ ಟ್ಯುನಿಸಿಯಾ ದೇಶದ ರಾಜಧಾನಿ ಟ್ಯುನಿಸ್‌ನಿಂದ ಕಳಿಸುವ ಫೋಟೋದಲ್ಲಿ ಬಾವುಟ ಕಂಡರೆ ಸಾಕು, ಊರಿಂದ ಯಾರಾದರೂ ಕೇಳುತ್ತಾರೆ: "ಟರ್ಕಿಗೆ ಯಾವಾಗ ಹೋದೆ?" ಕೇಳುವುದು ಸಹಜ. ಎರಡೂ ಬಾವುಟ ಕೆಂಪು, ಎರಡರಲ್ಲೂ ಅರ್ಧಚಂದ್ರ ಮತ್ತು ನಕ್ಷತ್ರ. ಇಲ್ಲಿಯದರಲ್ಲಿ ನಡುವೆ ಬಿಳಿ ವೃತ್ತವಿದೆ, ಚಂದ್ರ ನಕ್ಷತ್ರ ಅದರೊಳಗೆ ಕೆಂಪಾಗಿ ಕೂತಿವೆ. ತಮಾಷೆ ಏನೆಂದರೆ, ತಮ್ಮ ಹಡಗನ್ನು ಟರ್ಕಿಯ ಹಡಗು ಅಂದುಕೊಳ್ಳಬಾರದು ಅಂತಲೇ ಈ ಬಾವುಟ ಮಾಡಿಸಿದ್ದು. ಆ ಕಥೆ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಹಿಂದಿನದು ಇನ್ನೂ ಚೆನ್ನಾಗಿದೆ.

1574ರಲ್ಲಿ ಟ್ಯುನಿಸ್ ಆಟೊಮನ್ ತುರ್ಕರ ಕೈಗೆ ಬಂತು. ಅವರ ರಾಜಧಾನಿ ಇಸ್ತಾಂಬುಲ್ ದೂರ. ಹೆಸರಿಗೆ ಸುಲ್ತಾನ, ಆಳಿದ್ದು ಇಲ್ಲಿಯ ದೇಯ್‌ಗಳು, ನಂತರ ಬೇಯ್‌ಗಳು. ಆಗಿನ ಒಂದು ದೊಡ್ಡ ಆದಾಯ ಸಮುದ್ರದ ಲೂಟಿ. ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಊರಿನ ದುಡ್ಡಿರುವವರು ಹಡಗಿಗೆ ಬಂಡವಾಳ ಹಾಕುತ್ತಿದ್ದರು, ರಯೀಸ್ ಅಂದರೆ ಕಪ್ತಾನ ಸರ್ಕಾರದ ಅನುಮತಿ ಪಡೆದು ಹೊರಡುತ್ತಿದ್ದ. ಸಿಕ್ಕಿದ ಸರಕು, ಸೆರೆಯಾಳು ಎಲ್ಲದರಲ್ಲೂ ಸರ್ಕಾರಕ್ಕೆ ಪಾಲು. ಸೆರೆಯಾದವರ ಮನೆಯವರು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಗುಲಾಮಗಿರಿ. ಆಚೆ ದಡದವರೇನೂ ಸಾಧುಗಳಲ್ಲ. ಕ್ರೈಸ್ತ ಧರ್ಮಯೋಧರಾದ ಮಾಲ್ಟಾದ ನೈಟ್‌ಗಳು, ಇಟಲಿಯ ಪೀಸಾದ ಸಂತ ಸ್ಟೀಫನ್ ನೈಟ್‌ಗಳು ಮುಸ್ಲಿಂ ಹಡಗುಗಳ ಮೇಲೆ ಇದನ್ನೇ ಮಾಡುತ್ತಿದ್ದರು. ಪೀಸಾಕ್ಕೆ ಹೋದವರು ವಾಲಿದ ಗೋಪುರ ನೋಡಿ ವಾಪಸ್ ಬರುತ್ತಾರೆ. ಅಲ್ಲೇ ಹತ್ತಿರ ಈ ನೈಟ್‌ಗಳ ಚರ್ಚ್ ಇದೆ. ಅವರು ಕಿತ್ತು ತಂದ ಬಾವುಟಗಳು ಅದರ ಗೋಡೆಗಳ ಮೇಲಿವೆ.

ಕಡಲ್ಗಳ್ಳರ ಬಾವುಟ ಅಂದರೆ ನಮಗೆ ಕಪ್ಪು ಬಟ್ಟೆ, ತಲೆಬುರುಡೆ ನೆನಪಾಗುತ್ತೆ ಅಲ್ವಾ? ಇಲ್ಲಿ ಅದು ಸಿಗುವುದಿಲ್ಲ. ಇಲ್ಲಿಯವು ಬಣ್ಣಬಣ್ಣದವು, ಪಟ್ಟೆಪಟ್ಟೆಯವು. ಯುರೋಪಿನವರು ತಮ್ಮ ನಾವಿಕರಿಗಾಗಿ ಬಾವುಟಗಳ ಪಟ ಅಚ್ಚು ಹಾಕಿಸುತ್ತಿದ್ದರು. ಟ್ಯುನಿಸ್‌ನ ಬಾವುಟ ಒಂದು ಪಟದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ. ದೇಶಕ್ಕೊಂದೇ ಬಾವುಟ ಎಂಬ ಪದ್ಧತಿಯೇ ಆಗ ಗಟ್ಟಿಯಾಗಿರಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಬೇಯ್‌ನ ಸ್ವಂತ ಬಾವುಟ. ನಡುವೆ ಅಗಲವಾದ ಹಸಿರು ಪಟ್ಟೆ, ಮೇಲೆ ಕೆಳಗೆ ಕೆಂಪು ಹಳದಿ ಪಟ್ಟೆಗಳು, ಅವುಗಳ ತುಂಬ ಚಂದ್ರ ನಕ್ಷತ್ರ. ಹಸಿರಿನ ಮೇಲೆ ಉದ್ದಕ್ಕೆ ಒಂದು ಕತ್ತಿ, ಅದರ ತುದಿ ಎರಡಾಗಿ ಸೀಳಿದೆ. ಅದು ಜುಲ್ಫಿಕರ್, ಪ್ರವಾದಿಯ ಅಳಿಯ ಅಲಿಯ ಕತ್ತಿ. ಅಲಿಯನ್ನು ವಿಶೇಷವಾಗಿ ಗೌರವಿಸುವವರು ಶಿಯಾಗಳು, ಇಲ್ಲಿಯವರು ಸುನ್ನಿಗಳು, ಆದರೂ ಆಟೊಮನ್ ಸೈನಿಕರಿಗೂ ನಾವಿಕರಿಗೂ ಈ ಕತ್ತಿ ಎಂದರೆ ಪ್ರೀತಿ. 1534ರಲ್ಲಿ ಟ್ಯುನಿಸ್ ಗೆದ್ದು ಮರುವರ್ಷವೇ ಕಳೆದುಕೊಂಡ ಖೈರುದ್ದೀನ್ ಬಾರ್ಬರೊಸಾನ ಹಸಿರು ಬಾವುಟ ಇಸ್ತಾಂಬುಲ್‌ನ ನೌಕಾ ಮ್ಯೂಸಿಯಂನಲ್ಲಿದೆ. ಅದರಲ್ಲೂ ಇದೇ ಕತ್ತಿ. ಜೊತೆಗೆ ಬೇಗ ಗೆಲುವು ಸಿಗುತ್ತದೆ ಎನ್ನುವ ಕುರಾನಿನ ಸಾಲು, ಮೊದಲ ನಾಲ್ಕು ಖಲೀಫರ ಹೆಸರು, ಒಂದು ಹಸ್ತ, ಆರು ಮೂಲೆಯ ನಕ್ಷತ್ರ. ದೇವರು, ರಕ್ಷೆ, ಆಯುಧ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ತುಂಬಿಸಿದ್ದಾರೆ.

ಇಷ್ಟೆಲ್ಲ ಚಂದ ಮಾಡಿದರೂ ಸಮುದ್ರದಲ್ಲಿ ಬಾವುಟವನ್ನು ಯಾರೂ ನಂಬುತ್ತಿರಲಿಲ್ಲ. ಹತ್ತಿರ ಬರುವವರೆಗೂ ಬೇರೆಯವರ ಬಾವುಟ ಹಾರಿಸುವುದು ಎರಡೂ ಕಡೆಯವರ ಚಾಳಿ. ಇಂಗ್ಲೆಂಡ್ ಟ್ಯುನಿಸ್, ಅಲ್ಜೀರ್ಸ್‌ನಂಥ ಈ ಕರಾವಳಿಯ ರಾಜ್ಯಗಳ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ, ಇಂಗ್ಲಿಷರ ಹಡಗು ಹೌದೋ ಅಲ್ಲವೋ ಗೊತ್ತಾಗುವುದು ಹೇಗೆ? ಅದಕ್ಕೆ ಒಂದು ಉಪಾಯ ಬಂತು. ಚರ್ಮದ ಹಾಳೆಯ ಮೇಲೆ ಪಾಸ್ ಅಚ್ಚು ಹಾಕಿ, ಅದರ ಮೇಲ್ಭಾಗವನ್ನು ಅಲೆಅಲೆಯಾಗಿ ಕತ್ತರಿಸುತ್ತಿದ್ದರು. ಕೆಳಗಿನ ತುಂಡು ವ್ಯಾಪಾರಿ ಹಡಗಿಗೆ, ಮೇಲಿನ ತುಂಡು ಟ್ಯುನಿಸ್, ಅಲ್ಜೀರ್ಸ್‌ನ ರಯೀಸ್‌ಗಳಿಗೆ. ತಡೆದು ನಿಲ್ಲಿಸಿದಾಗ ಎರಡೂ ಅಂಚು ಕೂಡಿದರೆ ಬಿಡುಗಡೆ. ಬಾವುಟದ ಮಾತಿಗಿಂತ ಹಾಳೆಯ ಅಂಚಿನ ಮಾತಿಗೇ ಬೆಲೆ ಜಾಸ್ತಿ.

ದಡದಲ್ಲಿ ಮಾತ್ರ ಬಾವುಟದ ಗತ್ತೇ ಬೇರೆ. ಪಕ್ಕದ ಟ್ರಿಪೋಲಿಯ ಪಾಷಾ ಯೂಸುಫ್ ಕರಮಾನ್ಲಿ 1801ರ ಮೇ 14ರಂದು ಅಮೆರಿಕದ ಕಾನ್ಸುಲ್ ಅಂದರೆ ಸರ್ಕಾರಿ ಪ್ರತಿನಿಧಿಯ ಮನೆಯ ಬಾವುಟದ ಕಂಬ ಕಡಿಸಿದ. ಯುದ್ಧ ಸಾರಿದ ರೀತಿ ಅದು. ಟ್ಯುನಿಸ್‌ನವರು ವ್ಯಾಪಾರದಲ್ಲಿ ಜಾಣರು. 1790ರ ದಶಕದ ಕೊನೆಗೆ ಅಮೆರಿಕದ ಜೊತೆ ಆದ ಒಪ್ಪಂದದ ಒಂದು ಷರತ್ತು ನೋಡಿ. ಅಮೆರಿಕದ ಯುದ್ಧನೌಕೆ ಬಂದರಿಗೆ ಬಂದಾಗ ಕಾನ್ಸುಲ್ ಕೇಳಿದಷ್ಟು ತೋಪು ಹಾರಿಸಿ ಗೌರವ ಕೊಡುತ್ತಾರೆ. ಎಷ್ಟು ತೋಪು ಹಾರಿತೋ ಅಷ್ಟು ಪೀಪಾಯಿ ತೋಪಿನ ಮದ್ದನ್ನು ಹಡಗಿನವರು ಕೊಡಬೇಕು. ಬೇಡ ಎಂದರೆ ಒತ್ತಾಯವಿಲ್ಲ. ಮರ್ಯಾದೆಗೂ ಬಿಲ್ಲು! ಇದನ್ನು ಓದಿ ನಾನು ಜೋರಾಗಿ ನಕ್ಕಿದ್ದೆ.

ಸಮುದ್ರದ ಲೂಟಿಯ ದಂಧೆ ಆಮೇಲೆ ಹೆಚ್ಚು ದಿನ ನಡೆಯಲಿಲ್ಲ. 1816ರಲ್ಲಿ ಬ್ರಿಟಿಷ್ ಅಡ್ಮಿರಲ್ ಎಕ್ಸ್‌ಮತ್ ಹಡಗುಪಡೆಯೊಂದಿಗೆ ಬಂದು ಬೇಯ್‌ನಿಂದ ಕ್ರೈಸ್ತರನ್ನು ಗುಲಾಮರಾಗಿಸುವುದಿಲ್ಲ ಎಂದು ಮಾತು ತೆಗೆದುಕೊಂಡ. 1827ರ ಅಕ್ಟೋಬರ್ 20ರಂದು ಗ್ರೀಸ್‌ನ ನವಾರಿನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ಆಟೊಮನ್ ನೌಕಾಪಡೆಯನ್ನು ನುಚ್ಚುನೂರು ಮಾಡಿದವು. ಸುಲ್ತಾನನ ನೆರವಿಗೆ ಹೋಗಿದ್ದ ಟ್ಯುನಿಸ್ ಹಡಗುಗಳೂ ನಾಶವಾದವು. ಅದಾದ ಮೇಲೆ ಎರಡನೇ ಹುಸೇನ್ ಬೇಯ್ ತನ್ನ ಹಡಗುಗಳಿಗೆ ಬೇರೆಯದೇ ಗುರುತು ಬೇಕೆಂದ. ಬಿಳಿ ವೃತ್ತದ ಬಾವುಟ ಬಂದದ್ದು ಹಾಗೆ, 1831ರಿಂದ ಅದೇ ಅಧಿಕೃತ. ಲೂಟಿಯ ಕಾಲ ಮುಗಿದ ಮೇಲೆ ಹುಟ್ಟಿದ ಬಾವುಟ ಇದು. ಅದಕ್ಕೇ ಇರಬೇಕು, ಇದರಲ್ಲಿ ಕತ್ತಿ ಇಲ್ಲ.

1881ರಲ್ಲಿ ಫ್ರೆಂಚರು ಬಂದರು, 1956ರಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಬಾವುಟ ಉಳಿಯಿತು. ಕತ್ತಿಯ ಬಾವುಟ ಬೇಯ್ ಜೊತೆಗೇ ಹೋಯಿತು. 1957ರ ಜುಲೈ 25ರಂದು ದೇಶ ಗಣರಾಜ್ಯವಾಯಿತು, ಕೊನೆಯ ಬೇಯ್ ಲಮೀನ್ ಪದಚ್ಯುತನಾದ.

ಹಳೆಯ ಬಗೆಯ ನಿಶಾನೆ ಗಾಳಿಯಲ್ಲಿ ಹಾರುವುದನ್ನು ಈಗಲೂ ನೋಡಬೇಕೆಂದರೆ ಮ್ಯೂಸಿಯಂಗಿಂತ ಸಿದಿ ಬೂ ಸಯೀದ್ ವಾಸಿ. ನೀಲಿ ಬಾಗಿಲು, ಬಿಳಿ ಗೋಡೆಯ ಫೋಟೋಗಳಲ್ಲಿ ಈ ಊರನ್ನು ನೀವು ನೋಡಿರುತ್ತೀರಿ. 1231ರಲ್ಲಿ ತೀರಿಕೊಂಡ ಸೂಫಿ ಸಂತನ ಗೋರಿ ಅಲ್ಲಿದೆ. ಅವನಿಗೆ ಸಮುದ್ರದ ಒಡೆಯ ಎಂಬ ಹೆಸರು, ಕಡಲಿಗೆ ಹೊರಟ ರಯೀಸ್‌ಗಳು ಅವನನ್ನೇ ನಂಬುತ್ತಿದ್ದರು. ಬೇಸಿಗೆಯಲ್ಲಿ ನಡೆಯುವ ಖರ್ಜಾ ಮೆರವಣಿಗೆಯಲ್ಲಿ ಸೂಫಿ ಪಂಥದವರು ಬಾವುಟ ಹಿಡಿದು, ದಫ್ ಬಾರಿಸುತ್ತಾ, ಹಾಡುತ್ತಾ ಹೋಗುತ್ತಾರೆ. ಟ್ಯುನಿಸ್‌ನಲ್ಲಿ ಟಿಜಿಎಂ ರೈಲು ಹತ್ತಿದರೆ, ಹಿಂದೆ ಸೆರೆಯಾಳುಗಳನ್ನು ಇಟ್ಟಿದ್ದ ಕೋಟೆಯಿರುವ ಲಾ ಗುಲೆತ್ ದಾಟಿ ಅಲ್ಲಿಗೆ ಹೋಗುತ್ತದೆ. ಸ್ಟೇಷನ್‌ನಿಂದ ಏರುದಾರಿ, ಒಳ್ಳೆ ಚಪ್ಪಲಿ ಹಾಕಿಕೊಂಡು ಬನ್ನಿ.