ಹೊಸ ಲಿವರ್, ಹಳೆಯ ಕರುಳು

ಭಾವನವರಿಗೆ ಲಿವರ್ ಕಸಿ ಆದಾಗಿನಿಂದ ಒಂದು ಯೋಚನೆ ತಲೆ ಬಿಟ್ಟು ಹೋಗುತ್ತಿಲ್ಲ. ಲಿವರ್‌ಗೆ ಹರಿಯುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಪೋರ್ಟಲ್ ಸಿರೆಯಿಂದ, ಅದೂ ಹೆಚ್ಚಾಗಿ ಕರುಳನ್ನು ಹಾದು. ಅಂದರೆ ದಾನವಾಗಿ ಬಂದ ಲಿವರ್ ಮೊದಲ ಗಳಿಗೆಯಿಂದಲೇ ಏಗಬೇಕಾದ್ದು ಇವರದೇ ಹಳೆಯ ಕರುಳಿನ ಬ್ಯಾಕ್ಟೀರಿಯಾಗಳ ಜೊತೆ. ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಇದ್ದವರಲ್ಲಿ ಆ ಸಮತೋಲ ಮೊದಲೇ ಕೆಟ್ಟಿರುತ್ತದೆ: ಉಪಕಾರಿಗಳು ಕಡಿಮೆ, ಸೋಂಕು ತರಬಲ್ಲವು ಹೆಚ್ಚು. ಕಸಿಯ ನಂತರ ಅದು ಸುಧಾರಿಸುತ್ತದೆ, ಆದರೆ ನಿಧಾನವಾಗಿ.

ನನ್ನನ್ನು ತುಂಬ ಹಿಡಿದಿಟ್ಟದ್ದು ಟ್ಯಾಕ್ರೊಲಿಮಸ್. ದೇಹವು ಹೊಸ ಲಿವರನ್ನು ತಿರಸ್ಕರಿಸದಂತೆ ಅವರು ದಿನಾ ಹೊತ್ತಿಗೆ ಸರಿಯಾಗಿ ನುಂಗುವ ಮಾತ್ರೆ. ಅದು ಸಿಕ್ಕಿದ್ದೇ ಜಪಾನಿನ ತ್ಸುಕುಬಾ ಬೆಟ್ಟದ ಬಳಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ, 1984ರಲ್ಲಿ. ನಮ್ಮ ಕರುಳಲ್ಲಿರುವ ಫೀಕ್ಯಾಲಿಬ್ಯಾಕ್ಟೀರಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅದೇ ಔಷಧವನ್ನು ಕಡಿಮೆ ಶಕ್ತಿಯ ರೂಪಕ್ಕೆ ಬದಲಿಸಬಲ್ಲದು ಎಂದು 2019ರಲ್ಲಿ ಸಂಶೋಧಕರು ತೋರಿಸಿದರು. ಅದೂ ಕರುಳಿಗೆ ಒಳ್ಳೆಯದನ್ನೇ ಮಾಡುವ ಜೀವಿ! ಒಬ್ಬರಿಗೆ ಸಾಕಾದ ಡೋಸ್ ಇನ್ನೊಬ್ಬರಿಗೆ ಸಾಲದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಔಷಧದ ಮಟ್ಟ ನೋಡಲು ಭಾವನವರು ಮತ್ತೆ ಮತ್ತೆ ಪರೀಕ್ಷೆಗೆ ರಕ್ತ ಕೊಡುವಾಗ ಅಕ್ಕ ಬೇಸರ ಮಾಡಿಕೊಳ್ಳುತ್ತಾಳೆ. ಅವಳಿಗೆ ಇದನ್ನೇ ಹೇಳಿದೆ.

2005ರ ಒಂದು ಜರ್ಮನ್ ಅಧ್ಯಯನದಲ್ಲಿ, ಆಹಾರದ ನಾರಿನ ಜೊತೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ (ಮೊಸರಿನಲ್ಲಿರುವಂಥವು) ಪಡೆದ ಕಸಿ ರೋಗಿಗಳಿಗೆ ಸೋಂಕು ಬಹಳ ಕಡಿಮೆಯಾಗಿತ್ತು. ಇದ್ದವರು ಬರೀ 66 ಮಂದಿ. ಹಾಗಾಗಿ ದಯವಿಟ್ಟು ಪ್ರೊಬಯಾಟಿಕ್ (ಜೀವಂತ ಉಪಕಾರಿ ಬ್ಯಾಕ್ಟೀರಿಯಾ) ಡಬ್ಬಿ ಹಿಡಿದು ಯಾರೂ ಭಾವನವರನ್ನು ನೋಡಲು ಬರಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡವರಿಗೆ ಆ ಜೀವಂತ ಬ್ಯಾಕ್ಟೀರಿಯಾವೇ ಸೋಂಕಾಗಬಹುದು. ಅದು ಬೇಕೋ ಬೇಡವೋ ಎಂದು ಅವರ ಡಾಕ್ಟರೇ ಹೇಳಲಿ.